ಮೊದಲ ಐದು ಅಡಿ, ಆಮೇಲಿನ ಮೂವತ್ತಾರು ತಿಂಗಳು

ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಮನೆ ಇರುವವರು ಒಮ್ಮೆ ಹೊರಗೆ ಬಂದು ಸೂರಿನ ಕೆಳಗೆ ನಿಂತು ತಲೆಯೆತ್ತಿ ನೋಡಿ. ಅಟ್ಟಕ್ಕೆ ಗಾಳಿಯಾಡಲೆಂದು ಬಿಟ್ಟ ಕಿಂಡಿಗಳಿರುತ್ತವೆ, ಅವಕ್ಕೆ ತಂತಿ ಜಾಲರಿ ಹೊಡೆದಿರುತ್ತದೆ. ಹಳೆಯ ಮನೆಯಾದರೆ ಆ ಜಾಲರಿಯ ಕಣ್ಣು ಸಾಮಾನ್ಯವಾಗಿ ಕಾಲು ಇಂಚು. ಹಕ್ಕಿ, ಇಲಿ ನುಗ್ಗದಿರಲೆಂದು ಹಾಕಿದ್ದು ಅದು. ತೊಗರಿಬೇಳೆ ಗಾತ್ರದ ಕೆಂಡ ಅದರೊಳಗೆ ಸರಾಗವಾಗಿ ತೂರುತ್ತದೆ. ಬಿರುಗಾಳಿಯ ದಿನ ಕಾಡ್ಗಿಚ್ಚು ಇನ್ನೂ ಒಂದು ಮೈಲಿ ಆಚೆ ಇರುವಾಗಲೇ ಇಂಥ ಕೆಂಡಗಳು ಮಳೆ ಸುರಿದಂತೆ ಬರುತ್ತವೆ. ಅಟ್ಟದೊಳಗೆ ಅವುಗಳಿಗೆ ಸಿಗುವುದೇನು? ದೂಳು, ಒಣಗಿದ ತೊಲೆಗಳು, ಹಳೇ ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಕ್ಕೆ ತುಂಬಿಟ್ಟ ದಸರಾ ಗೊಂಬೆಗಳು. ಮನೆ ಒಳಗಿನಿಂದ ಹೊತ್ತಿಕೊಳ್ಳುತ್ತದೆ. ಪ್ಯಾರಡೈಸ್, ಆಲ್ಟಡೀನಾ ಊರುಗಳ ಚಿತ್ರಗಳಲ್ಲಿ ಮನೆ ಬೂದಿಯಾಗಿ, ಪಕ್ಕದ ಮರ ಮಾತ್ರ ಹಸಿರಾಗಿಯೇ ನಿಂತಿರುವುದು ಇದರಿಂದ.

2018ರ ನವೆಂಬರ್ 8ರಂದು ಹೊತ್ತಿ ಪ್ಯಾರಡೈಸನ್ನು ಸುಟ್ಟ 'ಕ್ಯಾಂಪ್ ಫೈರ್' ಎಂಬ ಬೆಂಕಿಯಲ್ಲಿ 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡಗಳು ಹೋದವು. 2025ರ ಜನವರಿ 7ರಂದು ಲಾಸ್ ಏಂಜಲಿಸ್ ಸುತ್ತ ಹೊತ್ತಿದ ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳು 16,000ಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿದವು. 2017ರ ಅಕ್ಟೋಬರಿನ ಟಬ್ಸ್ ಬೆಂಕಿ ಸಾಂಟಾ ರೋಸಾದ ಕಾಫಿ ಪಾರ್ಕ್ ಬಡಾವಣೆಗೆ ಬಂದದ್ದು 101ನೇ ಹೆದ್ದಾರಿಯನ್ನೇ ಹಾರಿ. ಕಾಫಿ ಪಾರ್ಕ್ ಇರುವುದು ಸಪಾಟು ನೆಲದಲ್ಲಿ, ಒತ್ತೊತ್ತಾಗಿ ಕಟ್ಟಿದ ಸಾಮಾನ್ಯ ಮನೆಗಳ ಸಾಲು. "ನಮ್ಮದೇನು ಗುಡ್ಡದ ಮೇಲಿಲ್ಲವಲ್ಲ" ಎನ್ನುವ ಬೇ ಏರಿಯಾ ಕನ್ನಡಿಗರು ಇದನ್ನು ನೆನಪಿಡಬೇಕು.

ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಜ್ಯಾಕ್ ಕೋಹೆನ್ ಕೆನಡಾದ ಕಾಡಿನಲ್ಲಿ ನಡೆದ ಪ್ರಯೋಗಗಳಲ್ಲಿ ಮರದ ಗೋಡೆಗಳನ್ನು ನಿಲ್ಲಿಸಿ, ಕಾಡಿಗೇ ಬೆಂಕಿ ಕೊಟ್ಟು ನೋಡಿದ್ದರು. ಕಾಡಿನಂಚಿನಿಂದ 10 ಮೀಟರ್ ದೂರದಲ್ಲಿದ್ದ ಗೋಡೆಗಳಲ್ಲಿ ಕೆಲವು ಹೊತ್ತಿಕೊಂಡವು, 30 ಮೀಟರ್ ದೂರದವು ಹೊತ್ತಲಿಲ್ಲ. ಜ್ವಾಲೆಯ ಕಾವಿಗೆ ಅಷ್ಟು ದೂರ ಸಾಕು. ರಾಜ್ಯದ ಕಾನೂನು ಮನೆಯ ಸುತ್ತ 100 ಅಡಿ ಜಾಗ ಒಪ್ಪವಾಗಿಡಿ ಎನ್ನುವುದೂ ಹೆಚ್ಚುಕಡಿಮೆ ಇದೇ ಲೆಕ್ಕ. ಆದರೆ ಕೆಂಡಕ್ಕೆ ದೂರದ ಲೆಕ್ಕವಿಲ್ಲ. ಅದು ಎಲ್ಲಿ ಬಿದ್ದೀತು, ಬಿದ್ದಲ್ಲಿ ಏನು ಸಿಕ್ಕೀತು ಎಂಬುದಷ್ಟೇ ಪ್ರಶ್ನೆ. ಹಾಗಾಗಿ ಖರ್ಚು ಮಾಡುವ ಕ್ರಮ ಗೋಡೆಯಿಂದ ಶುರುವಾಗಿ ಹೊರಗೆ ಹೋಗಬೇಕು. ಜನ ಮಾಡುವುದು ಉಲ್ಟಾ: ಹಿತ್ತಲಿನ ತುದಿಯ ಮರ ಕಡಿಸಲು ಸಾವಿರಾರು ಡಾಲರ್ ಸುರಿದು, ಬಾಗಿಲ ಬುಡದ ಪೊದೆಯನ್ನು ಹಾಗೇ ಬಿಡುತ್ತಾರೆ.

ಗೋಡೆಯಿಂದ ಮೊದಲ ಐದು ಅಡಿಗೆ ಇಲ್ಲಿನವರು 'ಜೋನ್ ಝೀರೋ' ಎನ್ನುತ್ತಾರೆ. ಅಲ್ಲಿ ಉರಿಯುವ ವಸ್ತು ಏನೂ ಇರಕೂಡದು. ಮರದ ಚಕ್ಕೆಯ ಮಲ್ಚ್ ತೆಗೆದು ಜಲ್ಲಿ ಹಾಕಿ, ಇಲ್ಲವೇ ಕಾಂಕ್ರೀಟು, ಕಲ್ಲುಚಪ್ಪಡಿ. ಕಿಟಕಿ ಕೆಳಗಿನ ಜೂನಿಪರ್ ಪೊದೆ ಹೊರಗಿನಿಂದ ಹಸಿರು ಕಂಡರೂ ಒಳಗೆಲ್ಲ ಒಣ ಕಡ್ಡಿ, ಅದು ಹೋಗಲೇಬೇಕು. ನಮ್ಮವರ ಮನೆಗಳಲ್ಲಿ ಪ್ರತ್ಯೇಕವಾಗಿ ನೋಡಬೇಕಾದ ಕೆಲವಿವೆ. ಬಾಗಿಲ ಮುಂದಿನ ತೆಂಗಿನ ನಾರಿನ ಮ್ಯಾಟು. ಯುಗಾದಿಗೆ ಕಟ್ಟಿ ದೀಪಾವಳಿವರೆಗೂ ಬಿಚ್ಚದೆ ಒಣಗಿದ ಮಾವಿನ ತೋರಣ. ಚಪ್ಪಲಿ ಗೂಡು. ಪ್ಲಾಸ್ಟಿಕ್ ಕುಂಡದ ಕರಿಬೇವು. ತುಳಸಿ, ಕರಿಬೇವು ಬೇಡ ಎಂದಲ್ಲ, ಮಣ್ಣಿನ ಕುಂಡಕ್ಕೆ ಹಾಕಿ ಗೋಡೆಯಿಂದ ಐದು ಅಡಿ ಆಚೆ ಇಡಿ. ಇಲ್ಲಿ ಗಾಳಿಯ ಕಾಲ ಬರುವುದೇ ಬೇಸಿಗೆ ಮುಗಿದು ಮಳೆ ಶುರುವಾಗುವ ಮುಂಚೆ, ಅಂದರೆ ನಮ್ಮ ದಸರಾ-ದೀಪಾವಳಿ ಹೊತ್ತಿಗೇ.

ಆ ಐದು ಅಡಿಯಲ್ಲಿ ಹೆಚ್ಚಿನವರು ಮರೆಯುವುದು ಬೇಲಿಯನ್ನು. ಮರದ ಬೇಲಿ ಮನೆಗೆ ತಾಗಿ ನಿಂತಿದ್ದರೆ ಅದು ಬತ್ತಿ ಇದ್ದ ಹಾಗೆ. ಪಕ್ಕದ ಮನೆಯ ಬೆಂಕಿಯನ್ನು ನಿಧಾನವಾಗಿ ಹೊತ್ತು ತಂದು ನಿಮ್ಮ ಗೋಡೆಗೆ ಮುಟ್ಟಿಸುತ್ತದೆ. ಪೂರ್ತಿ ಬೇಲಿ ಬದಲಿಸಬೇಕಿಲ್ಲ. ಮನೆಗೆ ತಾಗುವ ಕೊನೆಯ ಐದು ಅಡಿ ಕಬ್ಬಿಣದ್ದಾದರೆ ಸಾಕು, ಅಲ್ಲೊಂದು ಲೋಹದ ಗೇಟು ಕೂರಿಸಿದರೂ ಆಯಿತು. ಮನೆಮಾಲೀಕರ ಸಂಘ ಇದ್ದರೆ ಮೊದಲು ಲಿಖಿತ ಅನುಮತಿ ತೆಗೆದುಕೊಳ್ಳಿ, ಬಣ್ಣದ ವಿಷಯಕ್ಕೇ ತಿಂಗಳುಗಟ್ಟಲೆ ಎಳೆಯುತ್ತಾರೆ.

ಇನ್ನು ವೆಂಟ್‌ಗಳು, ಅಂದರೆ ಮೊದಲು ಹೇಳಿದ ಗಾಳಿಕಿಂಡಿಗಳು. ಕಾಲು ಇಂಚಿನ ಜಾಲರಿ ತೆಗೆದು ಇಂಚಿನ ಎಂಟನೇ ಒಂದು ಭಾಗ, ಸಾಧ್ಯವಾದರೆ ಹದಿನಾರನೇ ಒಂದು ಭಾಗ ಕಣ್ಣಿನ ಜಾಲರಿ ಹಾಕಿಸಿ. ಸ್ಟೇನ್‌ಲೆಸ್ ಅಥವಾ ಜಿಂಕ್ ಲೇಪದ ಉಕ್ಕೇ ಆಗಬೇಕು. ಫೈಬರ್‌ಗ್ಲಾಸ್, ಪ್ಲಾಸ್ಟಿಕ್ ಸೊಳ್ಳೆಪರದೆ ಕಾವಿಗೆ ಕರಗಿ ಬಾಯಿ ಬಿಡುತ್ತದೆ. ಕಣ್ಣು ಸಣ್ಣದಾದಷ್ಟೂ ದೂಳು, ಪೇಂಟು ಕಟ್ಟಿಕೊಳ್ಳುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಬ್ರಷ್ ಹಾಕಬೇಕು. ಕೆಲವರು ವೆಂಟ್‌ಗಳನ್ನೇ ಶಾಶ್ವತವಾಗಿ ಮುಚ್ಚಿಸುತ್ತಾರೆ. ತೇವ ಹೊರಗೆ ಹೋಗಲು ದಾರಿಯಿಲ್ಲದೆ ಎರಡು ಮೂರು ಚಳಿಗಾಲದಲ್ಲಿ ಅಟ್ಟದ ಹಲಗೆಗೆ ಬೂಷ್ಟು ಹಿಡಿಯುತ್ತದೆ. ಕಾವಿಗೆ ತಾನೇ ಮುಚ್ಚಿಕೊಳ್ಳುವ, ರಾಜ್ಯದ ಅಗ್ನಿಶಾಮಕ ಅಧಿಕಾರಿಗಳ ಪಟ್ಟಿಯಲ್ಲಿರುವ ವೆಂಟ್‌ಗಳು ಸಿಗುತ್ತವೆ. ಅಪಾಯದ ವಲಯದಲ್ಲಿರುವವರಿಗೆ ದುಡ್ಡು ಹಾಕಲು ಅದೇ ಸರಿಯಾದ ಜಾಗ.

ಸೂರಿನ ಗಟರ್‌ನಲ್ಲಿ ಕೂತ ತರಗೆಲೆ ತೆಗೆಯುವುದು ಬಿಟ್ಟಿ ಕೆಲಸ, ಅದಕ್ಕೇ ಯಾರೂ ಮಾಡುವುದಿಲ್ಲ. ಪಿವಿಸಿ ಗಟರ್ ಉರಿದು ಕೆಳಗೆ ಬೀಳುತ್ತದೆ, ಲೋಹದ್ದು ಇದ್ದಲ್ಲೇ ಇದ್ದು ಒಳಗಿನ ಎಲೆಯನ್ನು ಚಾವಣಿಯಂಚಿಗೆ ಹಿಡಿದು ಸುಡುತ್ತದೆ. ಎರಡಕ್ಕೂ ಮದ್ದು ಒಂದೇ, ಖಾಲಿ ಇಡುವುದು. ಡಾಂಬರು ಶಿಂಗಲ್ ಚಾವಣಿ ಬಹುಪಾಲು ಬೆಂಕಿ ತಾಳುವುದರಲ್ಲಿ ಎಲ್ಲಕ್ಕಿಂತ ಮೇಲಿನ ಎ ದರ್ಜೆಯದೇ ಇರುತ್ತದೆ. ಅರೆಗೊಳವೆ ಹೆಂಚಿನ ಮನೆಯವರು ಮಾತ್ರ ಅಂಚಿನ ಸಾಲು ನೋಡಿ: ಹೆಂಚಿನ ಬಾಯಿ ತೆರೆದಿದ್ದರೆ ಒಳಗೆ ಹಕ್ಕಿಗೂಡು ಇದ್ದೇ ಇರುತ್ತದೆ, ಗಾರೆಯಿಂದ ಮುಚ್ಚಿಸಿ. ಒಂಟಿ ಗಾಜಿನ ಕಿಟಕಿ ಕಾವಿಗೆ ಬಿರುಕು ಬಿಟ್ಟು ಉದುರುತ್ತದೆ. ಬದಲಿಸುವಾಗ ಜೋಡಿ ಗಾಜಿನದು, ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಆಗಿರಲಿ. ಡೆಕ್ ಕೆಳಗೆ ಯಾವ ಸಾಮಾನೂ ಬೇಡ. ಸೌದೆ ರಾಶಿ 30 ಅಡಿ ಆಚೆ. ಅದರಾಚೆಗಿನ ಹುಲ್ಲು ನಾಲ್ಕು ಇಂಚಿಗಿಂತ ಎತ್ತರ ಬೆಳೆಯದಿರಲಿ, ಮರದ ಕೊಂಬೆ ನೆಲದಿಂದ ಆರು ಅಡಿವರೆಗೆ ಸವರಿರಲಿ.

ಚಾವಣಿಯ ಮೇಲೆ ಸ್ಪ್ರಿಂಕ್ಲರ್ ಕೂರಿಸುವ ಆಸೆ ಬೇಡ. ಬೆಂಕಿಯ ದಿನ ಕರೆಂಟು ಹೋಗುತ್ತದೆ, ನೀರಿನ ಒತ್ತಡ ಬೀಳುತ್ತದೆ. ಪ್ಯಾಲಿಸೇಡ್ಸ್‌ನಲ್ಲಿ ತಲಾ ಹತ್ತು ಲಕ್ಷ ಗ್ಯಾಲನ್ನಿನ ಮೂರು ಟ್ಯಾಂಕ್ ಒಂದೇ ರಾತ್ರಿಯಲ್ಲಿ ಖಾಲಿಯಾಗಿ ಹೈಡ್ರಂಟ್‌ಗಳು ಒಣಗಿದವು. ಪೈಪು ಬಿಟ್ಟು ಹೊರಡುವವರು ಅಗ್ನಿಶಾಮಕದವರ ನೀರನ್ನೇ ಕದ್ದಂತೆ.

ಹೊರಡುವ ದಿನದ ಬಗ್ಗೆ ಎರಡೇ ಮಾತು. ಹೊರಡಲು ಸಿದ್ಧರಾಗಿ ಎಂಬ ಸರ್ಕಾರದ 'ವಾರ್ನಿಂಗ್' ಬಂದಾಗಲೇ ಹೊರಡಿ, ವಯಸ್ಸಾದ ಅಪ್ಪ-ಅಮ್ಮ ಊರಿನಿಂದ ಬಂದಿದ್ದರೆ ಅದಕ್ಕೂ ಮುಂಚೆ. ಈಗಲೇ ಹೊರಡಿ ಎಂಬ 'ಆರ್ಡರ್' ಬರುವ ಹೊತ್ತಿಗೆ ರಸ್ತೆ ಕಟ್ಟಿರುತ್ತದೆ. ಮತ್ತೆ ಗ್ಯಾರೇಜ್ ಬಾಗಿಲು: 2017ರಲ್ಲಿ ಕರೆಂಟಿಲ್ಲದೆ ಬಾಗಿಲು ತೆರೆಯಲಾಗದೆ ಜನ ಸತ್ತಿದ್ದಾರೆ. ಆದ್ದರಿಂದಲೇ 2019ರ ಜುಲೈನಿಂದ ಹೊಸ ಓಪನರ್‌ಗಳಿಗೆ ಬ್ಯಾಟರಿ ಕಡ್ಡಾಯ. ಹಳೆಯದಾದರೆ ಮೇಲೆ ನೇತಾಡುವ ಕೆಂಪು ಹಿಡಿಯ ಹಗ್ಗ ಎಳೆದು ಕೈಯಲ್ಲೇ ಬಾಗಿಲೆತ್ತುವುದನ್ನು ಮನೆಯವರೆಲ್ಲ ಇವತ್ತೇ ಮಾಡಿ ನೋಡಿ. ಕಿಟಕಿ ಬಾಗಿಲು ಮುಚ್ಚಿ, ಹೊರಗಿನ ದೀಪ ಹಾಕಿಟ್ಟು ಹೊರಡಿ.

ಈಗ ಕಾಗದದ ಕೆಲಸ. ಮನೆಯ ವಿಮಾ ಪಾಲಿಸಿಯ ಮೊದಲ ಪುಟದಲ್ಲಿ ಕಟ್ಟಡಕ್ಕೆ ಬರೆದ ಮೊತ್ತವನ್ನು ಮನೆಯ ಮಾರಾಟ ಬೆಲೆಯ ಜೊತೆ ಹೋಲಿಸಬೇಡಿ, ಈಗ ಮತ್ತೆ ಕಟ್ಟಲು ಚದರಡಿಗೆ ಎಷ್ಟು ಎಂದು ಸ್ಥಳೀಯ ಗುತ್ತಿಗೆದಾರರನ್ನು ಕೇಳಿ ಗುಣಿಸಿ. ದೊಡ್ಡ ಬೆಂಕಿಯ ನಂತರ ಕೂಲಿ, ಸಾಮಾನು ಎರಡೂ ಏರುತ್ತವೆ. 25ರಿಂದ 50 ಪ್ರತಿಶತ ಹೆಚ್ಚುವರಿ ಕೊಡುವ ಷರತ್ತು ಇದೆಯೇ ನೋಡಿ. ಹೊಸ ಕಟ್ಟಡ ನಿಯಮಕ್ಕೆ ತಕ್ಕಂತೆ ಕಟ್ಟುವ ಖರ್ಚು ಬೇರೆ ಸಾಲಿನಲ್ಲಿರುತ್ತದೆ, ಅದೂ ಇರಬೇಕು. ವಿಮಾ ಕಂಪನಿ ಕೈಬಿಟ್ಟು ಫೇರ್ ಪ್ಲಾನ್‌ಗೆ (ಬೇರೆಲ್ಲೂ ವಿಮೆ ಸಿಗದವರ ಕೊನೆಯ ಆಸರೆ) ಹೋದವರಿಗೆ ಸಿಗುವುದು ಮುಖ್ಯವಾಗಿ ಬೆಂಕಿ, ಹೊಗೆಯ ರಕ್ಷಣೆ. ಕಳವು, ಪೈಪು ಒಡೆದ ನೀರು, ಹೊಣೆಗಾರಿಕೆ ಅದರಲ್ಲಿಲ್ಲ. ಪಕ್ಕಕ್ಕೊಂದು ಪೂರಕ ಪಾಲಿಸಿ ಬೇಕು. ಮೇಲೆ ಹೇಳಿದ ಕೆಲಸಗಳಿಗೆ ರಿಯಾಯಿತಿ ಕೊಡಬೇಕೆಂಬ ನಿಯಮ 2022ರಿಂದ ಇದೆ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಮನೆಯ ಸಾಮಾನನ್ನು ಫೋನಿನಲ್ಲಿ ವಿಡಿಯೊ ಮಾಡಿ, ಪ್ರತಿ ಡ್ರಾಯರ್ ಎಳೆದು, ಪ್ರತಿ ಬೀರು ತೆರೆದು. ರೇಷ್ಮೆ ಸೀರೆಗಳ ಸೆರಗು, ಜರಿ ಬಿಡಿಸಿಟ್ಟು ಒಂದೊಂದೂ ಚಿತ್ರ, ಜೊತೆಗೆ ಬಿಲ್ಲು. ಇಪ್ಪತ್ತು ಮೈಸೂರು ರೇಷ್ಮೆಯನ್ನು "ಬಟ್ಟೆ" ಎಂದು ಒಂದೇ ಸಾಲಿನಲ್ಲಿ ಬರೆದರೆ ಟೀ-ಶರ್ಟಿನ ಬೆಲೆ ಕಟ್ಟುತ್ತಾರೆ. ಶ್ಯಾವಿಗೆ ಒರಳು, ವೆಟ್ ಗ್ರೈಂಡರ್, ಹಿತ್ತಾಳೆ ದೀಪಗಳಿಗೆ ಇಲ್ಲಿನ ಅಂಗಡಿಯ ಬೆಲೆಯನ್ನು ನೀವೇ ಹುಡುಕಿ ಕೊಡಬೇಕು, ವಿಮೆಯವರ ಪರ ನಷ್ಟ ಲೆಕ್ಕ ಹಾಕುವ ಅಡ್ಜಸ್ಟರ್‌ನ ಸಾಫ್ಟ್‌ವೇರ್‌ಗೆ ಅವು ಗೊತ್ತಿಲ್ಲ. ಚಿನ್ನದಲ್ಲೊಂದು ಸೂಕ್ಷ್ಮವಿದೆ. ಸಾಮಾನ್ಯ ಪಾಲಿಸಿಗಳಲ್ಲಿ ಒಡವೆಗೆ ಇರುವ ಸಣ್ಣ ಮಿತಿ ಕಳವಿಗೆ ಮಾತ್ರ, ಬೆಂಕಿಗಲ್ಲ. ಆದರೆ ನಾಣ್ಯ, ಗಟ್ಟಿ, ನಗದಿಗೆ ಯಾವ ಕಾರಣಕ್ಕೇ ಹೋದರೂ 200 ಡಾಲರ್ ಮಿತಿ ಬಹಳ ಕಡೆ ಇದೆ. ಅಕ್ಷಯ ತೃತೀಯದ ನಾಣ್ಯಗಳು ಬ್ಯಾಂಕ್ ಲಾಕರಿನಲ್ಲಿರಲಿ. ಮನೆಯ 'ಫೈರ್‌ಪ್ರೂಫ್' ಪೆಟ್ಟಿಗೆಯನ್ನು ಬಹಳ ನೆಚ್ಚಬೇಡಿ: ಅದು ತಾಳುವುದು ಅರ್ಧ ಗಂಟೆ, ಒಂದು ಗಂಟೆ, ಕುಸಿದ ಮನೆ ಅದರ ಮೇಲೆ ಇಡೀ ರಾತ್ರಿ ಉರಿಯುತ್ತದೆ. ಸಿಕ್ಕರೂ ಬಿಸಿಯಿರುವಾಗ ತೆರೆಯಬೇಡಿ, ಗಾಳಿ ತಾಗಿದೊಡನೆ ಒಳಗಿನ ಕಾಗದ ಭಗ್ಗೆಂದೀತು.

ಪಾಸ್‌ಪೋರ್ಟ್, ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡ್), ಐ-797 (ವೀಸಾ ಅರ್ಜಿ ಮಂಜೂರಾದ ಪತ್ರ), ಮಕ್ಕಳ ಜನನ ಪತ್ರ ಹೊರಡುವ ಚೀಲದಲ್ಲೇ ಇರಬೇಕು. ಪಾಸ್‌ಪೋರ್ಟ್ ಸುಟ್ಟರೆ ಅದರೊಳಗಿನ ವೀಸಾ ಮುದ್ರೆಯೂ ಹೋಯಿತು. ಇಲ್ಲಿರಲು ತೊಂದರೆಯಿಲ್ಲ, ಊರಿಗೆ ಹೋದರೆ ಹೊಸ ಸ್ಟ್ಯಾಂಪಿಂಗ್ ಇಲ್ಲದೆ ವಾಪಸು ಬರುವಂತಿಲ್ಲ.

ಮನೆ ಹೋಯಿತು ಎಂದಾದ ಮೇಲೆ ಮೊದಲ ವಾರ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಕ್ಲೇಮ್ ನಂಬರ್ ತೆಗೆದುಕೊಳ್ಳಿ. ಪಾಲಿಸಿಯ ಪೂರ್ತಿ ದೃಢೀಕೃತ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ, 30 ದಿನದಲ್ಲಿ ಕೊಡಬೇಕು. ಬೇರೆ ಕಡೆ ಇರುವ ಖರ್ಚಿಗೆ ನಾಲ್ಕು ತಿಂಗಳ ಮುಂಗಡ ಕೇಳಿ. ತುರ್ತುಸ್ಥಿತಿ ಘೋಷಣೆಯಾಗಿ ಮನೆ ಪೂರ್ತಿ ಹೋಗಿದ್ದರೆ ಅದು ನಿಮ್ಮ ಹಕ್ಕು. ಸಾಮಾನಿನ ಮೊತ್ತದಲ್ಲೂ ಒಂದು ಪಾಲನ್ನು ಪಟ್ಟಿಯಿಲ್ಲದೆಯೇ ಕೊಡಬೇಕು. ಶೇಕಡಾವಾರು ಕಮಿಷನ್ನಿಗೆ ಕ್ಲೇಮ್ ನಡೆಸಿಕೊಡುತ್ತೇನೆಂದು ಬರುವವರಿಗೆ ಆ ವಾರ ಸಹಿ ಹಾಕಬೇಡಿ. 1991ರ ಓಕ್ಲೆಂಡ್ ಗುಡ್ಡದ ಬೆಂಕಿಯ ನಂತರ ಹುಟ್ಟಿದ ಯುನೈಟೆಡ್ ಪಾಲಿಸಿಹೋಲ್ಡರ್ಸ್ ಎಂಬ ಲಾಭರಹಿತ ಸಂಸ್ಥೆಯ ಮಾಹಿತಿಯನ್ನು ಮೊದಲು ಓದಿ.

ಬೂದಿಯನ್ನು ನಮ್ಮೂರಿನ ಒಲೆಯ ಬೂದಿ ಎಂದುಕೊಳ್ಳಬೇಡಿ. ಅದರಲ್ಲಿ ಸೀಸ, ಆಸ್ಬೆಸ್ಟಾಸ್, ಸುಟ್ಟ ಪ್ಲಾಸ್ಟಿಕ್ ಇರಬಹುದು. ನೀರು ತಾಗಿದರೆ ಚರ್ಮ ಸುಡುವಷ್ಟು ಕ್ಷಾರ. ಎನ್95, ಕನ್ನಡಕ, ಕೈಗವಸು ಇಲ್ಲದೆ ಒಡವೆ ಜರಡಿ ಹಿಡಿಯಲು ಇಳಿಯಬೇಡಿ. ಎಲೆಕ್ಟ್ರಿಕ್ ಕಾರು, ಗೋಡೆಯ ಬ್ಯಾಟರಿ ಇದ್ದ ಜಾಗವನ್ನು ಸರ್ಕಾರದ ತಂಡ ಬಂದು ತೆಗೆಯುವತನಕ ಮುಟ್ಟಲೇಬೇಡಿ. ಮನೆ ಉಳಿದವರಿಗೂ ಪಾಡು ಇದೆ: ಹೊಗೆ ಅಟ್ಟದ ಇನ್ಸುಲೇಷನ್ನಿನಲ್ಲಿ, ಎಸಿ ಕೊಳವೆಯಲ್ಲಿ ಕೂತಿರುತ್ತದೆ. ಒರೆಸುವ ಮೊದಲು ಚಿತ್ರ ತೆಗೆದು, ಸ್ವತಂತ್ರ ಪ್ರಯೋಗಾಲಯದ ಪರೀಕ್ಷೆ ಮಾಡಿಸಿ. ಒರೆಸಿದ ಮೇಲೆ ಸಾಕ್ಷಿ ಇರುವುದಿಲ್ಲ. ನಲ್ಲಿ ನೀರು ಕುಡಿಯಬೇಡಿ ಎಂದು ಪ್ರಕಟಣೆ ಬಂದರೆ ಕುದಿಸಿ ಕುಡಿಯುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಸಾಂಟಾ ರೋಸಾ, ಪ್ಯಾರಡೈಸ್ ಎರಡೂ ಕಡೆ ಬೆಂಕಿಯ ನಂತರ ಕೊಳವೆ ನೀರಿನಲ್ಲಿ ಬೆಂಜೀನ್ ಸಿಕ್ಕಿತು. ಕುದಿಸಿದರೆ ಅದು ಆವಿಯಾಗಿ ಅಡುಗೆಮನೆ ತುಂಬುತ್ತದೆ.

ಎಚ್1ಬಿ ಕೆಲಸದ ವೀಸಾ ಮೇಲಿರುವವರಿಗೆ ಫೀಮಾದ (ಅಮೆರಿಕ ಕೇಂದ್ರ ಸರ್ಕಾರದ ವಿಪತ್ತು ನೆರವಿನ ಸಂಸ್ಥೆ) ನಗದು ನೆರವು ಇಲ್ಲ. ಆದರೆ ಇಲ್ಲೇ ಹುಟ್ಟಿ ಪೌರತ್ವ ಇರುವ ಮಗು ಮನೆಯಲ್ಲಿದ್ದರೆ ಮಗುವಿನ ಪರವಾಗಿ ಹೆತ್ತವರು ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಅರವತ್ತು ದಿನದ ಗಡುವು ಕಳೆದುಕೊಳ್ಳುವವರಿದ್ದಾರೆ. ಆಸ್ತಿ ತೆರಿಗೆ ಇಳಿಸಲು ಆಸ್ತಿಗೆ ಬೆಲೆ ಕಟ್ಟುವ ಕೌಂಟಿ ಅಸೆಸರ್‌ಗೆ 12 ತಿಂಗಳೊಳಗೆ ಅರ್ಜಿ ಕೊಡಿ.

ವಿಮೆಯವರು ಮೊದಲು ಕೊಡುವುದು ಸವಕಳಿ ಕಳೆದ ಮೊತ್ತ. ಉಳಿದದ್ದು ಮತ್ತೆ ಕಟ್ಟಿದ ಮೇಲೆ, ಕೊಂಡ ಮೇಲೆ. ತುರ್ತುಸ್ಥಿತಿ ಘೋಷಣೆಯಾದ ಬೆಂಕಿಗೆ ಅದಕ್ಕೆ ಕನಿಷ್ಠ 36 ತಿಂಗಳು ಸಮಯವಿದೆ, ಬೇರೆ ಕಡೆ ವಾಸದ ಖರ್ಚಿಗೆ ಕನಿಷ್ಠ 24. ಅದೇ ಜಾಗದಲ್ಲಿ ಕಟ್ಟಲೇಬೇಕೆಂದಿಲ್ಲ. ಬೇರೆ ಊರಿನಲ್ಲಿ ಮನೆ ಕೊಂಡರೂ ಸಲ್ಲುತ್ತದೆ, ಅದರಲ್ಲಿ ನೆಲದ ಬೆಲೆ ಎಂದು ಕಡಿತ ಮಾಡುವಂತಿಲ್ಲ. ಆದರೆ ನಕ್ಷೆ, ಪರವಾನಗಿ, ಗುತ್ತಿಗೆದಾರ ಸಿಗುವ ಹೊತ್ತಿಗೆ ಎರಡು ವರ್ಷ ಸುಲಭವಾಗಿ ಕಳೆಯುತ್ತದೆ, ಅಷ್ಟರಲ್ಲಿ ಅಡ್ಜಸ್ಟರ್‌ಗಳು ಮೂರು ಸಲ ಬದಲಾಗಿರುತ್ತಾರೆ. ಫೋನಿನಲ್ಲಿ ಒಪ್ಪಿದ್ದನ್ನು ಅದೇ ದಿನ ಇಮೇಲಿನಲ್ಲಿ ಬರೆದು ಕಳಿಸಿ, ತಾರೀಖು ಹಾಕಿ. ಆರು ತಿಂಗಳಲ್ಲಿ ಮೂರನೆಯ ಅಡ್ಜಸ್ಟರ್ ಬಂದರೆ ಕ್ಲೇಮ್‌ನ ಸ್ಥಿತಿಯನ್ನು ಬರಹದಲ್ಲಿ ಕೊಡುವುದು ಕಂಪನಿಯ ಹೊಣೆ. ಸಮಯ ಸಾಲದು ಅನ್ನಿಸಿದರೆ ವಿಸ್ತರಣೆಯ ಪತ್ರವನ್ನು ಮೂವತ್ತನೇ ತಿಂಗಳಲ್ಲೇ ಬರೆಸಿಕೊಳ್ಳಿ.