ವಿಕಿರಣ ಇಳಿದ ಚೀಲ ಯಾವ ಬಣ್ಣಕ್ಕೆ ಹೋಗಬೇಕು?

ಆಸ್ಪತ್ರೆಗಳಲ್ಲಿ ವಿಕಿರಣ ಸೂಸುವ ಔಷಧಿ ಕೊಡುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಗಳಿಗೆ, ರಿಸರ್ಚ್ ಲ್ಯಾಬ್‌ಗಳಿಗೆ ವಿಕಿರಣ ಸುರಕ್ಷತೆಯ ಸಲಹೆ ಕೊಡುವುದು ನನ್ನ ಕೆಲಸ. ಈ ಕೆಲಸದಲ್ಲಿ ನನ್ನ ತಲೆ ಕೆಡಿಸುವ ಮಾತು ಒಂದೇ. "ಸಾರ್, ಹತ್ತು ಹಾಫ್‌ಲೈಫ್ ಮುಗೀತು. ಮೀಟರ್ ಬ್ಯಾಕ್‌ಗ್ರೌಂಡ್, ಅಂದ್ರೆ ಎಲ್ಲ ಕಡೆ ಸಹಜವಾಗಿ ಇರೋಷ್ಟೇ, ತೋರಿಸ್ತಿದೆ. ಇನ್ನು ಇದು ಮಾಮೂಲಿ ಕಸ, ಅಲ್ವಾ?"

ಅಲ್ಲ. ಕೇಳುವವರು ದಡ್ಡರೇನಲ್ಲ. ಓದಿದವರು, ಆರ್‌ಎಸ್‌ಒ (ವಿಕಿರಣ ಸುರಕ್ಷತಾ ಅಧಿಕಾರಿ) ಪರೀಕ್ಷೆ ಪಾಸಾದವರು, ಲೆಕ್ಕವನ್ನು ಬಾಯಲ್ಲೇ ಹೇಳುವವರು. ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ ಒಂದು ಹಾಫ್‌ಲೈಫ್. ಅಂಥ ಹತ್ತು ಅಂದರೆ, ಆಸ್ಪತ್ರೆಯಲ್ಲಿ ಬಳಸುವ ವಿಕಿರಣ ವಸ್ತುಗಳಲ್ಲಿ ಅಯೋಡಿನ್-131ಕ್ಕೆ 80 ದಿನ, ಟೆಕ್ನೀಶಿಯಂ-99ಎಂಗೆ ಎರಡೂವರೆ ದಿನ, ಫ್ಲೋರಿನ್-18ಕ್ಕೆ ಒಂದು ದಿನವೂ ಬೇಡ. ಲೆಕ್ಕ ಸರಿಯಾಗಿಯೇ ಇದೆ. ಲೆಕ್ಕದ ಕೊನೆಯಲ್ಲಿ ಬರುವ "ಮಾಮೂಲಿ ಕಸ" ಮಾತ್ರ ತಪ್ಪು. ಹಾಫ್‌ಲೈಫ್ ಬಗ್ಗೆ ಇದಕ್ಕಿಂತ ಹೆಚ್ಚು ನಾನಿಲ್ಲಿ ಹೇಳಲು ಹೋಗುವುದಿಲ್ಲ, ಅದು ಪಿಯುಸಿ ಪುಸ್ತಕದಲ್ಲೇ ಇದೆ. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳುತ್ತೇನೆ.

ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್ ಕೊಟ್ಟ ರೋಗಿಯ ಕೋಣೆಯಿಂದ ಒಂದು ಚೀಲ ಬಂತು ಅಂದುಕೊಳ್ಳಿ. ಅದರಲ್ಲಿ ವಾಂತಿ ಒರೆಸಿದ ಹತ್ತಿ ಇದೆ, ರಕ್ತ ತಾಗಿದ ಡ್ರೆಸಿಂಗ್ ಇದೆ. ಅಯೋಡಿನ್ ಇರದಿದ್ದರೆ ಇದು ಎಲ್ಲಿಗೆ ಹೋಗುತ್ತಿತ್ತು? ಹಳದಿ ಚೀಲಕ್ಕೆ, ಅಂದರೆ ಸೋಂಕು ಹರಡಬಲ್ಲ, ಸುಡಬೇಕಾದ ಆಸ್ಪತ್ರೆ ಕಸದ ಚೀಲಕ್ಕೆ. ಅಯೋಡಿನ್ ಇದೆ ಅಂತ ಸೀಸದ ಗೋಡೆಯ ಹಿಂದೆ 80 ದಿನ ಇಟ್ಟಿರಿ. 80 ದಿನ ಆದ ಮೇಲೆ ಹೋಗಿದ್ದು ಅಯೋಡಿನ್ ಮಾತ್ರ. ಬಿಸಿ ಆರಿತು ಅಂತ ಸಾರಿನ ಖಾರ ಹೋಗುತ್ತದೆಯೇ? ಚೀಲ ತನ್ನ ಹಳೆಯ ಬಣ್ಣಕ್ಕೇ ವಾಪಸ್ ಹೋಗಬೇಕು. ಹತ್ತಿ ಹಳದಿಗೆ, ಐವಿ ಸೆಟ್ಟು ಮತ್ತು ಗ್ಲೌಸು ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ, ಗಾಜಿನ ವಯಲ್ ನೀಲಿಗೆ. ಕಪ್ಪು ಚೀಲಕ್ಕೆ ತುಂಬಿ ಪಾಲಿಕೆ ಆಟೋಗೆ ಕೊಡುವ ಹಾಗಿಲ್ಲ.

ಒಮ್ಮೆ ಒಬ್ಬ ಹುಡುಗ ಜಾಣತನದಿಂದಲೇ ಕೇಳಿದ: "80 ದಿನ ಆದ ಮೇಲೆ ಯಾವ ವೈರಸ್ ಉಳಿದಿರುತ್ತೆ ಸಾರ್?" ಒಳ್ಳೆ ಪ್ರಶ್ನೆ. ಒಣಗಿದ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಕನಿಷ್ಠ 7 ದಿನ ಬದುಕಿರಬಲ್ಲದು ಎಂಬುದು ಗೊತ್ತಿರುವ ವಿಷಯ. 80 ದಿನ ಬದುಕುತ್ತದೆ ಅಂತ ನಾನೂ ಹೇಳುವುದಿಲ್ಲ. ಆದರೆ ನಿಮ್ಮ ವಿಭಾಗದಲ್ಲಿ ದಿನಾ ತುಂಬುವುದು ಅಯೋಡಿನ್ ಚೀಲವಲ್ಲ, ಟೆಕ್ನೀಶಿಯಂ ಚೀಲ, ಪೆಟ್ ಸ್ಕ್ಯಾನಿನ ಫ್ಲೋರಿನ್ ಚೀಲ. ಅವು ಎರಡು ಮೂರು ದಿನದಲ್ಲೇ ಡಿಕೇ ರೂಮಿನಿಂದ (ವಿಕಿರಣ ಇಳಿಯಲಿ ಅಂತ ಚೀಲ ಇಡುವ ಕೋಣೆ) ಹೊರಗೆ ಬರುತ್ತವೆ. ರೇಡಿಯೇಷನ್ ಇಳಿದಿರುತ್ತದೆ, ವೈರಸ್ ಇಳಿದಿರುವುದಿಲ್ಲ. ಎಲ್ಲರೂ ಸುಮ್ನೆ ಹೆದರುವುದು ಅಯೋಡಿನ್ನಿಗೆ. ನನಗೆ ಹೆದರಿಕೆ ಇರುವುದು ಸೋಮವಾರ ಕಟ್ಟಿ ಗುರುವಾರ ಬಿಡುವ ಚೀಲಕ್ಕೆ. ಅದನ್ನು ಎತ್ತುವ ಪೌರಕಾರ್ಮಿಕರ ಕೈಯಲ್ಲಿ ಸರಿಯಾದ ಗ್ಲೌಸೂ ಇರುವುದಿಲ್ಲ.

ಇದರ ಉಲ್ಟಾ ತಪ್ಪೂ ನಡೆಯುತ್ತದೆ. ಕಾಯುವುದಕ್ಕೆ ಜಾಗ ಇಲ್ಲ ಅಂತ ಅಯೋಡಿನ್ ಚೀಲವನ್ನು ನೇರವಾಗಿ ಹಳದಿ ಚೀಲಗಳ ಜೊತೆ ಕಳಿಸಿಬಿಡುವುದು. ಹಳದಿ ಚೀಲ ಹೋಗುವುದು ಇನ್ಸಿನರೇಟರಿಗೆ. ಅಯೋಡಿನ್ ಬಿಸಿಗೆ ಆವಿಯಾಗುವ ವಸ್ತು, ಉರಿದು ನಾಶವಾಗುವುದಿಲ್ಲ. ಹೊಗೆಯ ಜೊತೆ ಚಿಮಣಿ ಹತ್ತುತ್ತದೆ.

ಈಗ ಕಾನೂನಿಗೆ ಬರೋಣ, ಅರ್ಧ ಗೊಂದಲ ಇಲ್ಲೇ ಇದೆ. ವಿಕಿರಣ ತ್ಯಾಜ್ಯದ ವಿಲೇವಾರಿಗೆ 1987ರ ನಿಯಮಗಳಿವೆ, 1962ರ ಪರಮಾಣು ಶಕ್ತಿ ಕಾಯ್ದೆಯಡಿ ಬಂದವು. ಅದನ್ನು ನೋಡಿಕೊಳ್ಳುವುದು ಮುಂಬೈನ ಎಇಆರ್‌ಬಿ, ಅಂದರೆ ಪರಮಾಣು ಶಕ್ತಿ ನಿಯಂತ್ರಣ ಸಂಸ್ಥೆ. ಆಸ್ಪತ್ರೆ ಕಸಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ. ಲ್ಯಾಬಿನ ರಾಸಾಯನಿಕಕ್ಕೆ ಅದೇ ವರ್ಷದ ಅಪಾಯಕಾರಿ ತ್ಯಾಜ್ಯ ನಿಯಮ. ಇವೆರಡನ್ನೂ ನಮ್ಮಲ್ಲಿ ನೋಡಿಕೊಳ್ಳುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಈ ಎರಡು ನಿಯಮಗಳೂ ಶುರುವಿನಲ್ಲೇ ಹೇಳುತ್ತವೆ: ವಿಕಿರಣ ತ್ಯಾಜ್ಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಅಷ್ಟು ಓದಿ ಜನ ಪುಸ್ತಕ ಮುಚ್ಚುತ್ತಾರೆ. "ನಮ್ದು ಎಇಆರ್‌ಬಿ ಲೆಕ್ಕ, ಮಂಡಳಿಗೂ ನಮಗೂ ಸಂಬಂಧ ಇಲ್ಲ" ಅನ್ನುತ್ತಾರೆ.

ಸಂಬಂಧ ಇದೆ. ಚೀಲದಲ್ಲಿ ವಿಕಿರಣ ಇರುವವರೆಗೆ ಅದು ಎಇಆರ್‌ಬಿ ಲೆಕ್ಕ. ಅಳತೆ ಮಾಡಿ, ರಿಜಿಸ್ಟರಿನಲ್ಲಿ ಬರೆದು, ಆರ್‌ಎಸ್‌ಒ ಸಹಿ ಹಾಕಿ ಬಿಡುಗಡೆ ಮಾಡಿದ ಗಳಿಗೆಯಿಂದ ಅದು ಮಂಡಳಿಯ ಲೆಕ್ಕ. ನಡುವೆ ಯಾರ ಲೆಕ್ಕಕ್ಕೂ ಸೇರದ ಹೊತ್ತು ಅಂತ ಒಂದಿಲ್ಲ. ಜೈವಿಕ ವೈದ್ಯಕೀಯ ನಿಯಮದ ಪ್ರಕಾರ ಸಂಸ್ಕರಿಸದ ಹತ್ತಿ, ಬ್ಯಾಂಡೇಜಿನಂಥ ಕಸವನ್ನು 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಳ್ಳಲೇಬೇಕಾದರೆ ತೊಂದರೆ ಆಗದಂತೆ ನೋಡಿಕೊಂಡು, ಕಾರಣ ಕೊಟ್ಟು ತಿಳಿಸಬೇಕು. ಆ 48 ಗಂಟೆ ಯಾವಾಗ ಶುರು? ಬಿಡುಗಡೆ ಆದಾಗಿನಿಂದ ಅನ್ನುವುದು ನನ್ನ ಓದು. ಆದರೆ ಇದು ನನ್ನ ಓದು ಅಷ್ಟೇ. ನಿಮ್ಮ ಲೈಸೆನ್ಸಿನ ಷರತ್ತು ನೋಡಿ, ಮಂಡಳಿಯನ್ನು ಬರಹದಲ್ಲಿ ಕೇಳಿ, ಉತ್ತರವನ್ನು ಫೈಲಿನಲ್ಲಿ ಇಡಿ. ಫೋನಿನಲ್ಲಿ ಯಾರೋ "ಆಯ್ತು ಬಿಡಿ" ಅಂದದ್ದು ತಪಾಸಣೆಯ ದಿನ ಲೆಕ್ಕಕ್ಕೆ ಬರುವುದಿಲ್ಲ.

ಮಂಡಳಿಯ ಅಧಿಕಾರಿ ಬಂದು ಎರಡು ತಿಂಗಳ ಹಿಂದಿನ ತಾರೀಖು ಬರೆದ ಚೀಲ ನೋಡಿದರೆ ನೋಟಿಸ್ ಬರೆಯದೆ ಇನ್ನೇನು ಮಾಡುತ್ತಾರೆ? ಅದಕ್ಕೇ ನಾನು ಟ್ಯಾಗಿನ ವಿಷಯದಲ್ಲಿ ಹಟ ಹಿಡಿಯುವುದು. ಟ್ಯಾಗಿನಲ್ಲಿ ಎರಡು ತಾರೀಖು ಇರಬೇಕು, ಚೀಲ ಕಟ್ಟಿದ್ದು ಮತ್ತು ಬಿಟ್ಟಿದ್ದು. ಐಸೊಟೋಪಿನ, ಅಂದರೆ ಆ ವಿಕಿರಣ ವಸ್ತುವಿನ, ಹೆಸರು ಇರಬೇಕು. ಅದರ ಕೆಳಗೆ, ವಿಕಿರಣ ಇಲ್ಲದಿದ್ದರೆ ಇದು ಯಾವ ಬಣ್ಣ ಅಂತ ಬರೆದಿರಬೇಕು. ಮೊದಲೆರಡನ್ನು ಎಲ್ಲರೂ ಹೇಗೋ ಬರೆಯುತ್ತಾರೆ. ಮೂರನೆಯದಾದ ಬಣ್ಣವನ್ನು ಯಾರೂ ಬರೆಯುವುದಿಲ್ಲ. 80 ದಿನ ಆದ ಮೇಲೆ ಆ ಚೀಲದೊಳಗೆ ಏನಿತ್ತು ಅಂತ ಕಟ್ಟಿದವರಿಗೂ ನೆನಪಿರುವುದಿಲ್ಲ. ಬಿಚ್ಚಿ ನೋಡಿ ಅಂತ ನಾನಂತೂ ಹೇಳುವುದಿಲ್ಲ, ಒಳಗೆ ಸೂಜಿ ಇದ್ದರೆ?

ಇದನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಒಂದು ಆಸ್ಪತ್ರೆಯ ಹೌಸ್‌ಕೀಪಿಂಗ್ ಅಮ್ಮ. ಟ್ಯಾಗಿನ ಇಂಗ್ಲಿಷ್ ಅವರಿಗೆ ಓದಲು ಬರುತ್ತಿರಲಿಲ್ಲ. ಮನೆಯಿಂದ ಹಳದಿ, ಕೆಂಪು ಉಲ್ಲನ್ ದಾರ ತಂದಿದ್ದರು. ಚೀಲ ಕಟ್ಟುವಾಗಲೇ ಕತ್ತಿಗೆ ಆಯಾ ಬಣ್ಣದ ದಾರ ಸುತ್ತಿ ಗಂಟು ಹಾಕುತ್ತಿದ್ದರು. "ಮೀಟರ್ ನೀವು ನೋಡ್ಕೊಳಿ ಸಾರ್, ಆಮೇಲೆ ಎಲ್ಲಿಗ್ ಹಾಕ್ಬೇಕು ಅಂತ ನಂಗೊತ್ತು" ಅಂದರು. ಅವರ ದಾರ ನಿಯಮದಲ್ಲಿ ಎಲ್ಲೂ ಇಲ್ಲ, ಟ್ಯಾಗಿನ ಬದಲಿಗೆ ನಡೆಯುವುದೂ ಇಲ್ಲ. ಆದರೆ ಆ ಡಿಕೇ ರೂಮಿನಿಂದ ತಪ್ಪು ಬಣ್ಣಕ್ಕೆ ಹೋದ ಚೀಲವನ್ನು ನಾನು ಕಾಣಲಿಲ್ಲ. ಪಕ್ಕದ ಟೇಬಲ್ಲಿನ ಮೇಲೆ ದುಡ್ಡು ಸುರಿದು ತರಿಸಿದ್ದ ತ್ಯಾಜ್ಯ ನಿರ್ವಹಣೆ ಸಾಫ್ಟ್‌ವೇರ್ ಇತ್ತು. ಅದರಲ್ಲಿ ಬಣ್ಣದ ಕಾಲಮ್ಮೇ ಇರಲಿಲ್ಲ.

ಅಳತೆಯ ಬಗ್ಗೆ ಎರಡು ಮಾತು. ಸೀಸದ ಡಬ್ಬಿಯ ಹೊರಗೆ ಮೀಟರ್ ಹಿಡಿದು "ಏನೂ ಇಲ್ಲ" ಅನ್ನುವವರನ್ನು ಈಗಲೂ ನೋಡುತ್ತೇನೆ. ಏನೂ ಕಾಣದಿರಲಿ ಅಂತಲೇ ಆ ಸೀಸ ಇರುವುದು! ಚೀಲವನ್ನು ಹೊರಗೆ ತನ್ನಿ, ಬೇರೆ ಚೀಲಗಳಿಂದ ದೂರ ಇಟ್ಟು, ಮೀಟರನ್ನು ಚೀಲದ ಮೈಗೆ ಹತ್ತಿರ ಹಿಡಿದು ಅಳೆಯಿರಿ. ಹತ್ತು ಹಾಫ್‌ಲೈಫ್ ಅಂದರೆ ಸೊನ್ನೆಯಲ್ಲ, 1024ರಲ್ಲಿ ಒಂದು ಪಾಲು. ಶುರುವಿನಲ್ಲಿ ಜಾಸ್ತಿ ಇದ್ದರೆ ಆ ಒಂದು ಪಾಲೂ ಕಮ್ಮಿಯೇನಲ್ಲ. ಲುಟೀಶಿಯಂ-177 ಬಳಸುವವರಿಗೆ ಇನ್ನೊಂದು ಮಾತು. ಕೆಲವು ರೀತಿಯಲ್ಲಿ ತಯಾರಿಸಿದ ಲುಟೀಶಿಯಂನಲ್ಲಿ 177ಎಂ ಅನ್ನುವ ಇನ್ನೊಂದು ರೂಪ ಚೂರು ಸೇರಿಕೊಂಡಿರುತ್ತದೆ. ಅದರ ಹಾಫ್‌ಲೈಫ್ ಸುಮಾರು 160 ದಿನ. ಲುಟೀಶಿಯಂ-177ರ ಹತ್ತು ಹಾಫ್‌ಲೈಫ್, ಅಂದರೆ 67 ದಿನ ಆದರೂ ಮುಳ್ಳು ಇಳಿಯದಿದ್ದರೆ ಮೀಟರನ್ನು ಬೈಯಬೇಡಿ.

ಆಸ್ಪತ್ರೆಯವರ ಕಥೆ ಇಷ್ಟಾದರೆ ಲ್ಯಾಬಿನವರದ್ದು ಇನ್ನೂ ಗಂಟು. ಬೆಂಗಳೂರಿನ ಹಳೆಯ ಜೀವವಿಜ್ಞಾನ ಲ್ಯಾಬುಗಳ ಮೂಲೆಗಳಲ್ಲಿ, ಪ್ರಯೋಗದ ವಿಕಿರಣ ಅಳೆಯಲು ಬಳಸಿದ ಸಿಂಟಿಲೇಷನ್ ವಯಲ್‌ಗಳ ಟ್ರೇಗಳು ಸಿಗುತ್ತವೆ. ಹೆಬ್ಬೆರಳಿನಷ್ಟು ದಪ್ಪದ ಪುಟ್ಟ ಬಾಟಲಿಗಳು. ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದ ನಂಬರು ಅರ್ಧ ಅಳಿಸಿರುತ್ತದೆ. ಒಳಗೆ ಟ್ರಿಟಿಯಂ ಅಥವಾ ಕಾರ್ಬನ್-14, ಅದು ಕರಗಿರುವುದು ಟೊಲುಯೀನ್, ಝೈಲೀನ್‌ನಂಥ ಬೆಂಕಿ ಹತ್ತುವ ದ್ರಾವಕದಲ್ಲಿ. ಟ್ರಿಟಿಯಂನ ಹಾಫ್‌ಲೈಫ್ 12.3 ವರ್ಷ, ಕಾರ್ಬನ್-14ರದ್ದು 5,700 ವರ್ಷದಷ್ಟು. ಇಲ್ಲಿ ಕಾಯುವ ಮಾತೇ ಇಲ್ಲ. ಆದರೂ ಕಾಯುತ್ತಾರೆ. ಗೈಗರ್ ಮೀಟರ್ ತಂದು ಹಿಡಿದು "ನೋಡಿ, ಏನೂ ಇಲ್ಲ" ಅನ್ನುತ್ತಾರೆ. ಟ್ರಿಟಿಯಂನ ಬೀಟಾ ಕಣಕ್ಕೆ ಬಾಟಲಿಯ ಗಾಜು ದಾಟುವ ತಾಕತ್ತೂ ಇಲ್ಲ, ಮೀಟರಿನ ಕಿಟಕಿ ದಾಟುವ ತಾಕತ್ತೂ ಇಲ್ಲ. ಗೈಗರ್ ಮೀಟರಿಗೆ ಅದು ಕಾಣುವುದೇ ಇಲ್ಲ.

ಈ ವಯಲ್‌ಗಳಲ್ಲಿ ನನಗೆ ಜಾಸ್ತಿ ಚಿಂತೆ ಟ್ರಿಟಿಯಂದಲ್ಲ, ಟೊಲುಯೀನಿನದು. ಅದರ ಫ್ಲಾಶ್ ಪಾಯಿಂಟ್ ಸುಮಾರು 4 ಡಿಗ್ರಿ. ಅಂದರೆ ಬೆಂಗಳೂರಿನ ಡಿಸೆಂಬರ್ ಬೆಳಗ್ಗೆಯೂ ಅದರ ಆವಿಗೆ ಒಂದು ಕಿಡಿ ಸಾಕು. ಪ್ಲಾಸ್ಟಿಕ್ ವಯಲ್ ಆದರೆ ವರ್ಷಗಟ್ಟಲೆ ಇಟ್ಟಾಗ ಗೋಡೆಯ ಮೂಲಕವೇ ಒಸರುತ್ತದೆ. ವಿಕಿರಣ ಅಂತ ಬೀಗ ಹಾಕಿ, ಯಾರೂ ಹೋಗಬಾರದು ಅಂತ ಬೋರ್ಡು ಹಾಕಿ, ಗಾಳಿಯೇ ಆಡದ ಕೋಣೆಯಲ್ಲಿ ಅದನ್ನು ಇಡುತ್ತಾರೆ. ಒಂದು ಅಪಾಯಕ್ಕೆ ಹಾಕಿದ ಬೀಗ ಇನ್ನೊಂದನ್ನು ಬೆಳೆಸುತ್ತದೆ. ಅಪಾಯಕಾರಿ ತ್ಯಾಜ್ಯ ಇಟ್ಟುಕೊಳ್ಳಲು ನಿಯಮದಲ್ಲಿ ಇರುವುದು 90 ದಿನ. ವರ್ಷಕ್ಕೆ 10 ಟನ್‌ ಒಳಗಿನ ಸಣ್ಣವರಿಗೆ ಮಂಡಳಿ 180 ದಿನದವರೆಗೆ ಬಿಡಬಹುದು. ವಿಕಿರಣ ಇದೆ ಅನ್ನುವ ಕಾರಣಕ್ಕೆ ಆ ಮಿತಿ ನಿಮಗೆ ಅನ್ವಯಿಸುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಬೆಂಕಿಗೆ ಆ ವಿನಾಯಿತಿ ಗೊತ್ತಿರುವುದಿಲ್ಲವಲ್ಲ.

ಅಮೆರಿಕದವರು ಈ ಎರಡು ಕಾನೂನುಗಳ ಜಗಳವನ್ನು ನಮಗಿಂತ ಮೊದಲೇ ನೋಡಿದವರು. ಅಲ್ಲಿಯೂ ಅಪಾಯಕಾರಿ ತ್ಯಾಜ್ಯಕ್ಕೆ 90 ದಿನದ ಮಿತಿ, ವಿಕಿರಣಕ್ಕೆ ಬೇರೆ ಇಲಾಖೆ. 2001ರಲ್ಲಿ ಅವರ ಪರಿಸರ ಸಂಸ್ಥೆ ಒಂದು ದಾರಿ ಮಾಡಿತು. ವಿಕಿರಣ ಲೈಸೆನ್ಸ್ ಇರುವವರು ಷರತ್ತುಗಳನ್ನು ಪಾಲಿಸಿದರೆ, ಕಡಿಮೆ ಮಟ್ಟದ ಮಿಶ್ರ ತ್ಯಾಜ್ಯವನ್ನು (ವಿಕಿರಣವೂ ಅಪಾಯಕಾರಿ ರಾಸಾಯನಿಕವೂ ಸೇರಿದ್ದು) ವಿಕಿರಣ ಇಳಿಯುವವರೆಗೆ ಇಟ್ಟುಕೊಳ್ಳಬಹುದು. ಇಳಿದ ಮೇಲೆ ವಿನಾಯಿತಿ ಮುಗಿಯಿತು, ಅದು ಮತ್ತೆ ಅಪಾಯಕಾರಿ ತ್ಯಾಜ್ಯ. ನಾನು ಮೇಲೆ ಬಾಯಿ ನೋಯಿಸಿಕೊಂಡು ಹೇಳಿದ್ದನ್ನೇ ಅವರು ಬರೆದಿಟ್ಟಿದ್ದಾರೆ.

ಹಾಗಂತ ಅವರೂ ಎಡವದೆ ಇಲ್ಲ. 2014ರ ಫೆಬ್ರವರಿ 14ರಂದು ನ್ಯೂ ಮೆಕ್ಸಿಕೊದ ವಿಪ್ ಎಂಬ ನೆಲದಡಿಯ ಉಗ್ರಾಣದಲ್ಲಿ ಒಂದು ಡ್ರಮ್ಮಿನ ಮುಚ್ಚಳ ಕಿತ್ತುಬಂತು. ಪ್ಲುಟೋನಿಯಂ, ಅಮೆರಿಸಿಯಂ ಹೊರಗೆ ಬಂದವು. ಉಗ್ರಾಣ ಹತ್ತಿರ ಹತ್ತಿರ ಮೂರು ವರ್ಷ ಮುಚ್ಚಿತ್ತು. ಡ್ರಮ್ ಒಡೆದದ್ದು ಪ್ಲುಟೋನಿಯಂನಿಂದ ಅಲ್ಲ. ಅದರಲ್ಲಿ ನೈಟ್ರೇಟ್ ಲವಣಗಳಿದ್ದವು. ದ್ರವ ಹೀರಲಿ ಅಂತ ಲಾಸ್ ಅಲಮೋಸ್‌ನ ಪರಮಾಣು ಪ್ರಯೋಗಾಲಯದಲ್ಲಿ ಬೆಕ್ಕಿನ ಮಲಕ್ಕೆ ಹಾಕುವ ಪುಡಿ ಸೇರಿಸಿದ್ದರು. ಮಣ್ಣಿನಿಂದ ಮಾಡಿದ್ದರ ಬದಲು ಗೋಧಿಯಿಂದ ಮಾಡಿದ್ದು ಹೋಗಿತ್ತು. ನೈಟ್ರೇಟಿಗೆ ಗೋಧಿ ಸಿಕ್ಕಿತು, ನಿಧಾನಕ್ಕೆ ಬಿಸಿ ಏರಿತು. ವಿಕಿರಣದ ಲೆಕ್ಕ ಹಾಕುವ ಮಹಾ ಪಂಡಿತರಿದ್ದ ಜಾಗ ಅದು. ಕೈಕೊಟ್ಟದ್ದು ಕೆಮಿಸ್ಟ್ರಿ.

ಆದ್ದರಿಂದ ಲ್ಯಾಬಿನವರಿಗೆ ನಾನು ಹೇಳುವುದು: ಕಾಯಬೇಕಾದ್ದನ್ನೂ ಕಾಯಬಾರದ್ದನ್ನೂ ಒಂದೇ ಡ್ರಮ್ಮಿಗೆ ಸುರಿಯಬೇಡಿ. ಫಾಸ್ಫರಸ್-32ರ ತ್ಯಾಜ್ಯ ಐದು ತಿಂಗಳಲ್ಲಿ ಬಿಡುಗಡೆಯಾಗುತ್ತದೆ. ಅದಕ್ಕೆ ಒಂದು ವಯಲ್ ಕಾರ್ಬನ್-14 ಬಿದ್ದರೆ ಇಡೀ ಡ್ರಮ್ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ. ಹೊಸ ಪ್ರಯೋಗಕ್ಕೆ ಬೇಗ ಬೆಂಕಿ ಹತ್ತದ ಕಾಕ್‌ಟೇಲ್‌ಗಳು (ವಯಲ್‌ಗೆ ತುಂಬುವ ದ್ರವಗಳು) ಸಿಗುತ್ತವೆ, ಅವನ್ನು ತರಿಸಿ. ಹಳೆಯ ಟೊಲುಯೀನ್ ವಯಲ್‌ಗಳ ಪಟ್ಟಿ ಮಾಡಿ, ಎಇಆರ್‌ಬಿ ಮತ್ತು ಮಂಡಳಿ ಇಬ್ಬರಿಗೂ ಒಂದೇ ಪತ್ರದ ಪ್ರತಿ ಕಳಿಸಿ. ಇಬ್ಬರಿಗೂ ಬೇರೆ ಬೇರೆ ಕಥೆ ಹೇಳಿದರೆ ಎರಡೂ ಕಡೆ ಸಿಕ್ಕಿಬೀಳುತ್ತೀರಿ.

ಆಯುಧ ಪೂಜೆಗೆ ಮುಂಚಿನ ವಾರ ನನ್ನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಎಲ್ಲ ಕಡೆ ಕ್ಲೀನಿಂಗ್. ಸರ್ವೇ ಮೀಟರಿಗೂ ಕುಂಕುಮ, ಚೆಂಡು ಹೂವು. ಇಡಿ, ಬೇಡ ಅನ್ನುವುದಿಲ್ಲ. ಪ್ರೋಬಿನ ಕಿಟಕಿಯ ಮೇಲೆ ಮಾತ್ರ ಇಡಬೇಡಿ, ಆ ಮೈಕಾ ಹಾಳೆ ಬಲು ತೆಳುವು. ಆ ಫೋನುಗಳಲ್ಲಿ ಹೆಚ್ಚಿನವು ಖಾಲಿ ಸೀಸದ ಡಬ್ಬಿಗಳ ಬಗ್ಗೆ. "ಗುಜರಿಗೆ ಹಾಕ್ಬಿಡ್ಲಾ ಸಾರ್, ಒಳ್ಳೆ ತೂಕ ಬರುತ್ತೆ." ದಿಲ್ಲಿಯ ಮಾಯಾಪುರಿಯಲ್ಲಿ 2010ರಲ್ಲಿ ಆದದ್ದನ್ನು ಅವರಿಗೆ ನೆನಪಿಸುತ್ತೇನೆ. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ವರ್ಷಗಳಿಂದ ಸುಮ್ಮನೆ ಬಿದ್ದಿದ್ದ ಗಾಮಾ ಯಂತ್ರವನ್ನು ಹಳೆ ಸಾಮಾನಿನ ಜೊತೆ ಹರಾಜು ಹಾಕಿದರು. ಗುಜರಿಯವರು ಅದನ್ನು ಬಿಚ್ಚಿದರು. ಒಳಗೆ ಕೋಬಾಲ್ಟ್-60 ಇತ್ತು. ಒಬ್ಬ ಕಾರ್ಮಿಕ ಸತ್ತ. ನಿಮ್ಮ ಡಬ್ಬಿಯಲ್ಲಿ ಅಷ್ಟೆಲ್ಲ ಇರುವುದಿಲ್ಲ, ನಿಜ. ಆದರೆ ಖಾಲಿ ಅಂತ ಹೇಳುವ ಮೊದಲು ಒಳಗೆ ಹತ್ತಿಯಿಂದ ಒರೆಸಿ ಆ ಹತ್ತಿಯಲ್ಲಿ ವಿಕಿರಣ ಇದೆಯೇ ಅಂತ ಅಳೆಯಿರಿ. ಏನೂ ಇಲ್ಲ ಅಂತ ಬರೆದಿಟ್ಟ ಮೇಲೆ ವಿಕಿರಣದ ಗುರುತಾದ ಮೂರೆಲೆಯ ಸ್ಟಿಕ್ಕರ್ ಕಿತ್ತುಹಾಕಿ. ಆಮೇಲೆ ಉಳಿಯುವುದು ಸೀಸ, ಅದೂ ವಿಷವೇ. ಸೀಸ ತೆಗೆದುಕೊಳ್ಳಲು ಮಂಡಳಿಯ ಅನುಮತಿ ಇರುವ ಘಟಕಕ್ಕೆ ಕೊಡಿ, ರಸೀದಿ ಇಟ್ಟುಕೊಳ್ಳಿ. ಗುಜರಿಯವನಿಗಿಂತ ಅವರು ಕೊಡುವ ರೇಟು ಸ್ವಲ್ಪ ಕಮ್ಮಿ ಇರಬಹುದು.