ಕಂಡದ್ದನ್ನೆಲ್ಲ ಹಾಗೇ ಭೂಮಿಗೆ ಕಳಿಸಿದರೆ ಆಗಲ್ವಾ?

ಪ್ರಶ್ನೆ: ಬಾಹ್ಯಾಕಾಶ ದೂರದರ್ಶಕ ತೆಗೆದ ಚಿತ್ರಗಳನ್ನು ಹಾಗೇ ಕಳಿಸಿದರೆ ಸಾಲದೇ? ಮೇಲೆಯೇ ಲೆಕ್ಕ ಮಾಡಲು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಕಟ್ಟಿಕೊಳ್ಳಬಹುದಾದ ಚಿಪ್) ಅಂತ ಬೇರೆ ಚಿಪ್ ಯಾಕೆ?

ಕಳಿಸೋಕೆ ದಾರಿ ಕಿರಿದು, ಅದೇ ತೊಂದರೆ. ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹವನ್ನೇ ನೋಡಿ. 2015ರ ಸೆಪ್ಟೆಂಬರ್ 28ರಂದು ಹಾರಿದ ಅದರಲ್ಲಿ ಯುವಿಐಟಿ ಎಂಬ ಅತಿನೇರಳೆ ದೂರದರ್ಶಕವಿದೆ. ಅದು ಜೋಡಣೆಯಾದದ್ದು ಹೊಸಕೋಟೆಯಲ್ಲಿ. ಅದರ ಒಂದೊಂದು ಸಂವೇದಕದಲ್ಲೂ 512 ಸಾಲು, ಸಾಲಿಗೆ 512 ಪಿಕ್ಸೆಲ್. ಸೆಕೆಂಡಿಗೆ ಸುಮಾರು 29 ಚಿತ್ರ. ಗುಣಿಸಿದರೆ ಸೆಕೆಂಡಿಗೆ 76 ಲಕ್ಷ ಪಿಕ್ಸೆಲ್! ಅದರಲ್ಲಿ ಬಹುಪಾಲು ಬರೀ ಕತ್ತಲೆ.

ಬೇಕಾದದ್ದು ಇಷ್ಟೇ: ಫೋಟಾನ್, ಅಂದರೆ ಬೆಳಕಿನ ಕಣ, ಎಲ್ಲಿ ಬಿತ್ತು? ಒಂದು ಫೋಟಾನ್ ಬಿದ್ದರೆ ಎಲೆಕ್ಟ್ರಾನ್‌ಗಳ ಮಳೆಯಾಗಿ, ಕೆಲವು ಪಿಕ್ಸೆಲ್ ಅಗಲದ ಬೆಳಕಿನ ಮಚ್ಚೆ ಮೂಡುತ್ತದೆ. ಆ ಮಚ್ಚೆಯ ನಡುಬಿಂದುವನ್ನು ಯುವಿಐಟಿ ಅಲ್ಲೇ ಲೆಕ್ಕ ಹಾಕುತ್ತದೆ, ಒಂದು ಪಿಕ್ಸೆಲ್‌ನ 32ನೇ ಒಂದು ಭಾಗದಷ್ಟು ಸೂಕ್ಷ್ಮವಾಗಿ. ಕತ್ತಲೆ ಕೆಳಗೆ ಬರುವುದಿಲ್ಲ, ಬಿಂದುಗಳಷ್ಟೇ ಬರುತ್ತವೆ.

ಇಂಥ ಕೆಲಸಕ್ಕೆ ಎಫ್‌ಪಿಜಿಎ ಹೇಳಿ ಮಾಡಿಸಿದಂತಿದೆ. ಮದುವೆಮನೆಯ ಪಂಕ್ತಿ ನೆನೆಸಿಕೊಳ್ಳಿ. ಒಬ್ಬನೇ ಎಲ್ಲವನ್ನೂ ಬಡಿಸುತ್ತ ಹೋದರೆ ಕೊನೆಯ ಎಲೆಯವರು ಹಸಿದೇ ಕೂತಿರಬೇಕು. ಸಾಮಾನ್ಯ ಪ್ರೊಸೆಸರ್ ಹೆಚ್ಚುಕಡಿಮೆ ಹಾಗೆ. ಪಲ್ಯಕ್ಕೊಬ್ಬ, ಅನ್ನಕ್ಕೊಬ್ಬ, ಸಾರಿಗೊಬ್ಬ ಹಿಂದೆ ಹಿಂದೆಯೇ ಬಂದರೆ? ಎಫ್‌ಪಿಜಿಎಯಲ್ಲಿ ಒಂದೊಂದು ಲೆಕ್ಕಕ್ಕೂ ಬೇರೆ ಬೇರೆ ಸರ್ಕ್ಯೂಟನ್ನೇ ಕಟ್ಟಿಕೊಳ್ಳಬಹುದು. ಇಡೀ ಚಿತ್ರ ಬರಲಿ ಅಂತ ಕಾಯಬೇಕಾಗಿಲ್ಲ. ಹಿಂದಿನ ಎರಡು ಸಾಲು ಇಟ್ಟುಕೊಂಡಿದ್ದರೆ ಸಾಕು, ಮೂರನೇ ಸಾಲು ಬರುತ್ತಿದ್ದಂತೆ 3×3ರ ಚೌಕ ಸಿದ್ಧ. ನಡುವಿನ ಪಿಕ್ಸೆಲ್ ಅಕ್ಕಪಕ್ಕದವಕ್ಕಿಂತ ಜಾಸ್ತಿ ಹೊಳೆಯುತ್ತಿದೆಯಾ? ಹಾಗಿದ್ದರೆ ಅಲ್ಲೊಂದು ಫೋಟಾನ್. ಅಂದ ಹಾಗೆ, ಪಿಕ್ಸೆಲ್‌ನ 32ನೇ ಒಂದು ಭಾಗ ಅಂದೆನಲ್ಲ, ಆ 32 ಸುಮ್ನೆ ಬಂದ ಸಂಖ್ಯೆಯಲ್ಲ. ಐದು ಬಿಟ್‌ಗೆ, ಅಂದರೆ 0 ಅಥವಾ 1 ಕೂರುವ ಐದು ಮನೆಗೆ, ಸರಿಯಾಗಿ ಕೂರುತ್ತದೆ.

ಕಷ್ಟ ಬರುವುದು ವಿಕಿರಣದಿಂದ. ಒಂದು ಕಣ ಬಡಿದರೆ 0 ಇದ್ದದ್ದು 1 ಆಗಬಹುದು. ಎಸ್‌ರ‍್ಯಾಮ್ ಬಗೆಯ ಎಫ್‌ಪಿಜಿಎಯಲ್ಲಿ ಸರ್ಕ್ಯೂಟಿನ ನಕ್ಷೆಯೂ ಮೆಮೊರಿಯಲ್ಲೇ ಇರುತ್ತದೆ. ಅಲ್ಲಿ ಒಂದು ಬಿಟ್ ತಿರುಗಿದರೆ ಲೆಕ್ಕವಲ್ಲ, ಲೆಕ್ಕ ಮಾಡುವವನೇ ಬದಲಾದಂತೆ. ಅದಕ್ಕೇ ಒಂದೇ ಸರ್ಕ್ಯೂಟನ್ನು ಮೂರು ಸಲ ಕಟ್ಟಿ, ಮೂರರಲ್ಲಿ ಎರಡು ಕೊಟ್ಟ ಉತ್ತರವನ್ನು ಒಪ್ಪುತ್ತಾರೆ. ನಕ್ಷೆಯನ್ನು ಆಗಾಗ ಮತ್ತೆ ಬರೆಯುತ್ತಾರೆ. ಇಲ್ಲವೇ ಆಂಟಿಫ್ಯೂಸ್ ಬಗೆಯ ಚಿಪ್ ಹಾಕುತ್ತಾರೆ. ಅದನ್ನು ಒಮ್ಮೆ ಬರೆದರೆ ಮುಗಿಯಿತು, ಮತ್ತೆ ತಿದ್ದಲಾಗದು. ತಿದ್ದಬಹುದು ಅನ್ನುವುದೇ ಎಫ್‌ಪಿಜಿಎಯ ಹೆಗ್ಗಳಿಕೆ, ಅದನ್ನೇ ಬಿಟ್ಟುಕೊಟ್ಟ ಹಾಗಾಯಿತು ಅಲ್ವಾ? ನನ್ನ ಮಟ್ಟಿಗೆ ಅದು ನಷ್ಟವೇನಲ್ಲ. ಆ ಅನುಕೂಲ ನಿಜವಾಗಿ ಬೇಕಾಗುವುದು ಪ್ರಯೋಗಾಲಯದಲ್ಲಿ, ವಿನ್ಯಾಸವನ್ನು ಹತ್ತಾರು ಸಲ ತಿದ್ದುವಾಗ.

ಇನ್ನೂ ಒಂದು ಮಾತಿದೆ. ಮೇಲೆ ಎಸೆದದ್ದು ಮತ್ತೆ ಸಿಗುವುದಿಲ್ಲ. ಎರಡು ಫೋಟಾನ್ ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಬಿದ್ದರೆ ಸರ್ಕ್ಯೂಟ್ ಅವನ್ನು ಒಂದೇ ಅಂತ ಎಣಿಸಬಹುದು. ಅದಕ್ಕೆ ಯುವಿಐಟಿ ಬಿಂದುವಿನ ಜೊತೆ ಒಂದು ಸಣ್ಣ ಸುಳಿವನ್ನೂ ಕಳಿಸುತ್ತದೆ: ಮಚ್ಚೆಯ ಸುತ್ತಲಿನ ಚೌಕದ ನಾಲ್ಕು ಮೂಲೆಗಳ ಹೊಳಪಿನಲ್ಲಿ ಎಷ್ಟು ವ್ಯತ್ಯಾಸವಿತ್ತು ಅಂತ. ವ್ಯತ್ಯಾಸ ಜಾಸ್ತಿ ಇದ್ದರೆ, ಅಲ್ಲಿ ಬಿದ್ದದ್ದು ಎರಡಿರಬಹುದು ಅಂತ ಕೆಳಗಿರುವವರು ಅನುಮಾನಿಸುತ್ತಾರೆ.