ಬೂದಿ ಬಂತು ಅಂದ್ರೆ ಮೊದಲು ಎತ್ತರ ಕೇಳಿ

2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿಯಿತು. ಮರುದಿನ ರಾತ್ರಿ ಅದರ ಬೂದಿ ಗುಜರಾತ್, ರಾಜಸ್ಥಾನ ಹಾದು ದೆಹಲಿ ಮೇಲೆ ಬಂತು. ಪೈಲಟ್‌ಗಳಿಗೆ ಹವಾಮಾನ ಹೇಳುವ ಕೆಲಸ ಮಾಡಿದವನು ಅಂತ ಕಲಬುರಗಿಯಲ್ಲಿ ಎಲ್ಲರೂ ನನ್ನನ್ನೇ ಹಿಡಿದರು. ಆಳಂದ ಕಡೆಯ ರೈತರೊಬ್ಬರು, "ಸಾಹೇಬ್ರ, ತೊಗರಿ ಹೂವಿನ್ಯಾಗ ಅದ, ಬೂದಿ ಬಿದ್ರ ಹ್ಯಾಂಗ್ರಿ?" ಅಂದರು. ಮಗನ ವಿಮಾನ ರದ್ದಾಗಿ ಸಿಟ್ಟಾಗಿದ್ದ ಇನ್ನೊಬ್ಬರು, "ಆಕಾಶ ನೋಡ್ರಿ, ಎಷ್ಟ್ ಸ್ವಚ್ಛ ಅದ! ಸುಮ್ನ ಕ್ಯಾನ್ಸಲ್ ಮಾಡ್ಯಾರ" ಅಂದರು.

ಇಬ್ಬರೂ ಬಿಟ್ಟದ್ದು ಒಂದೇ. ಎತ್ತರ.

ಬೂದಿ ನಿಗಾಕ್ಕೆ ಜಗತ್ತಿನಲ್ಲಿ ಒಂಬತ್ತು ಕೇಂದ್ರಗಳಿವೆ. ಹೈಲಿ ಗುಬ್ಬಿ ಬರುವುದು ಫ್ರಾನ್ಸಿನ ಟುಲೂಸ್ ಕೇಂದ್ರದ ಪಾಲಿಗೆ. ಅವರು ಕೊಡುವ ನಕ್ಷೆಯಲ್ಲಿ ಬೂದಿ ಇರುವ ಜಾಗಕ್ಕೆ ಗೆರೆ ಎಳೆದು ಪಕ್ಕದಲ್ಲಿ ಎಫ್‌ಎಲ್ (ಫ್ಲೈಟ್ ಲೆವೆಲ್, ಅಂದರೆ ಹಾರಾಟದ ಎತ್ತರ) ಅಂತ ಅಂಕಿ ಬರೆದಿರುತ್ತಾರೆ. ಎಫ್‌ಎಲ್ 250ರಿಂದ 450 ಅಂತಿದ್ದರೆ ಎರಡು ಸೊನ್ನೆ ಸೇರಿಸಿ ಓದಿ: ಸುಮಾರು 25,000ದಿಂದ 45,000 ಅಡಿ. ಅಂದರೆ ನಿಮ್ಮ ತಲೆಯಿಂದ ಏಳೆಂಟು ಕಿಲೋಮೀಟರ್ ಮೇಲೆ ಶುರು. ವಾಟ್ಸಾಪ್‌ನಲ್ಲಿ ಓಡಾಡುವ ನಕ್ಷೆಯಲ್ಲಿ ಬಣ್ಣ ಇರುತ್ತದೆ, ಈ ಅಂಕಿಯೇ ಇರುವುದಿಲ್ಲ!

ಭಾರದ ಬೂದಿ ಜ್ವಾಲಾಮುಖಿಯ ಸುತ್ತಲೇ ಬೀಳುತ್ತದೆ. ಅಲ್ಲಿ ಹತ್ತಿರದ ಅಫ್ದೇರಾ ಊರಿನ ಜನ ಅದನ್ನು ಕಂಡರು. ಇಷ್ಟು ದೂರ ಬರುವುದು ಮೇಲಿನ ಗಾಳಿ ಹೊತ್ತು ತಂದ ಸಣ್ಣ ಪುಡಿ ಮಾತ್ರ. ಅದೂ ಗಾಳಿ ಹೋದಲ್ಲಿಗೆ ಹೋಗುತ್ತದೆ. ಹೈಲಿ ಗುಬ್ಬಿಯಿಂದ ನೇರ ಪೂರ್ವಕ್ಕೆ ಗೆರೆ ಎಳೆದರೆ ಚಿಕ್ಕಬಳ್ಳಾಪುರದ ಹತ್ತಿರ ಹಾಯುತ್ತದೆ, ಆದರೆ ಬೂದಿ ಹೋದದ್ದು ದೆಹಲಿಗೆ. ಹಾಗಂತ ಕೆಳಗೆ ಯಾವತ್ತೂ ಬೀಳುವುದೇ ಇಲ್ಲ ಅಂತ ಬರೆದುಕೊಡಲಾರೆ. ಈ ಸಲ ತೊಗರಿಗೆ ಅದರ ಭಯ ಇರಲಿಲ್ಲ, ಅಷ್ಟೇ.

ಈಗ ವಿಮಾನದ ಮಾತು. ದೊಡ್ಡ ಜೆಟ್‌ಗಳು ಹಾರುವುದು 30,000ದಿಂದ 40,000 ಅಡಿಯಲ್ಲಿ, ಸರಿಯಾಗಿ ಆ ಬೂದಿ ಇರುವ ಕಡೆ. ಬೂದಿ ಅಂದರೆ ಒಲೆ ಬೂದಿ ಅಂದುಕೊಳ್ಳಬೇಡಿ. ಶಹಾಬಾದ್ ಕಲ್ಲು ಕೊಯ್ಯುವಾಗ ಏಳುವ ಪುಡಿ ನೆನಪಿಸಿಕೊಳ್ಳಿ, ಅದಕ್ಕೆ ಗಾಜಿನ ಚೂರು ಸೇರಿಸಿ. ಜೆಟ್ ಎಂಜಿನ್ ಒಳಗಿನ ಶಾಖಕ್ಕೆ ಅದು ಕರಗಿ ಬ್ಲೇಡುಗಳಿಗೆ ಮೆತ್ತುತ್ತದೆ, ಗಾಳಿಯ ದಾರಿ ಕಟ್ಟುತ್ತದೆ. 1982ರ ಜೂನ್ 24ರ ರಾತ್ರಿ ಇಂಡೋನೇಷ್ಯಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಗೆ ಸಿಕ್ಕ ಬ್ರಿಟಿಷ್ ಏರ್‌ವೇಸ್ 747 ವಿಮಾನದ ನಾಲ್ಕೂ ಎಂಜಿನ್ ನಿಂತವು. ಹವಾಮಾನ ರಾಡಾರ್‌ನಲ್ಲಿ ಏನೂ ಕಾಣಲಿಲ್ಲ, ಯಾಕೆಂದರೆ ಅದು ನೋಡುವುದು ನೀರಿನ ಹನಿಗಳನ್ನು, ಬೂದಿಯೋ ಒಣ ಪುಡಿ. ತೇಲುತ್ತಾ ಕೆಳಗಿಳಿದು ಬೂದಿಯಿಂದ ಹೊರಬಂದ ಮೇಲೆ ಎಂಜಿನ್ ಮತ್ತೆ ಹತ್ತಿಕೊಂಡು, ವಿಮಾನ ಜಕಾರ್ತಾದಲ್ಲಿ ಇಳಿಯಿತು. ಪೈಲಟ್ ರಾಡಾರ್‌ಗೇ ಕಾಣದ್ದು ನಿಮಗೆ ಮಾಳಿಗೆ ಮೇಲೆ ನಿಂತರೆ ಕಾಣುತ್ತಾ?

ನಕ್ಷೆಯ ಮೇಲಿನ ಸಮಯವನ್ನೂ ನೋಡಿ. ಸಾಮಾನ್ಯವಾಗಿ ಆರು ಗಂಟೆಗೊಮ್ಮೆ ಹೊಸದು ಬರುತ್ತದೆ, ನಿನ್ನೆಯದು ಇವತ್ತಿಗೆ ಕಸ. ಬೂದಿ ದಾಟಿ ಹೋದ ಮೇಲೂ ಕೆಲವು ವಿಮಾನ ರದ್ದಾಗುವುದುಂಟು. ಆ ದಾರಿಯಲ್ಲಿ ಹಾರಿ ಬಂದ ವಿಮಾನದ ಎಂಜಿನ್ ತಪಾಸಣೆ ಮುಗಿಯದೆ ಮತ್ತೆ ಹಾರಿಸುವುದಿಲ್ಲ. ಅದನ್ನು ತೀರ್ಮಾನಿಸುವವರು ಎಂಜಿನಿಯರ್‌ಗಳು. ಕೌಂಟರ್‌ನಲ್ಲಿ ಕೂತ ಹುಡುಗಿ ಮೇಲೆ ಕೂಗಾಡಬೇಡ್ರಿ ಮಾರಾಯ್ರೇ, ಅವಳಿಗೂ ಅದು ನಿಮಗಿಂತ ಹತ್ತು ನಿಮಿಷ ಮೊದಲು ಗೊತ್ತಾಗಿರುತ್ತದೆ, ಅಷ್ಟೇ.